ಔಷಧಿಗಳ ಹೊರೆ ಇಳಿಯಲಿ, ಉಸಿರು ಹಗುರವಾಗಲಿ

(ಆರೋಗ್ಯ ಸಹಾಯಕರು, ಆಶಾ ಕಾರ್ಯಕರ್ತೆಯರು ಹಾಗೂ ರೋಗಿಗಳ ಕುಟುಂಬದವರಿಗಾಗಿ ಏರ್ಪಡಿಸಿದ್ದ ಕುಟುಂಬ ಕಲ್ಯಾಣ ಶಿಬಿರದಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರವೊಂದರ ವೈದ್ಯಾಧಿಕಾರಿಗಳು ಮಾಡಿದ ಭಾಷಣ)



ಉಬ್ಬಸ, ದಮ್ಮು ಮೊದಲಾದ ಶ್ವಾಸಸಂಬಂಧವಾದ ಕಾಯಿಲೆಗಳಿಂದ ನರಳುವವರು ಸೇವಿಸುತ್ತಿರುವ ಹಲವು ಔಷಧಿಗಳನ್ನು ಮತ್ತೊಮ್ಮೆ ಪರಿಶೀಲಿಸಿ, ಅನಾವಶ್ಯಕವಾದವುಗಳನ್ನು ಕಡಿಮೆ ಮಾಡುವುದು ಹೇಗೆ ಎಂಬುದು ಈ ದಿನ ನನಗೆ ವಹಿಸಿರುವ ವಿಷಯ. ವೈದ್ಯರಾದವರು ಔಷಧಿ ಕೊಡುವುದನ್ನು ಕುರಿತು ಮಾತನಾಡುವುದು ಸಹಜ. ಔಷಧಿ ನಿಲ್ಲಿಸುವುದನ್ನು ಕುರಿತು ಮಾತನಾಡುವುದು ಕೆಲವರಿಗೆ ವಿಚಿತ್ರವಾಗಿ ತೋರಬಹುದು. ಆದರೆ ತಕ್ಕ ಔಷಧಿಯನ್ನು ಕೊಡುವುದು ಹೇಗೆ ಚಿಕಿತ್ಸೆಯೋ, ಬೇಡವಾದುದನ್ನು ಸಕಾಲದಲ್ಲಿ ನಿಲ್ಲಿಸುವುದೂ ಹಾಗೆಯೇ ಚಿಕಿತ್ಸೆಯ ಒಂದು ಅಂಗ. ಅತಿಯಾದರೆ ಅಮೃತವೂ ವಿಷ ಎಂದು ನಮ್ಮ ಹಿರಿಯರು ಹೇಳಿದ್ದು ಔಷಧಿಯ ವಿಷಯದಲ್ಲಿ ಅಕ್ಷರಶಃ ಸತ್ಯ. ವಿಶ್ವ ಆರೋಗ್ಯ ಸಂಸ್ಥೆಯು 2017ರಲ್ಲಿ ಔಷಧಿಗಳಿಂದಾಗುವ ಹಾನಿಯನ್ನು ತಡೆಯುವ ಒಂದು ಕಾರ್ಯಕ್ರಮವನ್ನು ಆರಂಭಿಸಿ, ಅದರಲ್ಲಿ ಗಮನಿಸಬೇಕಾದ ಮುಖ್ಯ ಅಂಶಗಳ ಪೈಕಿ ಒಬ್ಬನೇ ರೋಗಿ ಹಲವು ಔಷಧಿಗಳನ್ನು ಸೇವಿಸುವುದನ್ನೂ ಸೇರಿಸಿತು. ಆದುದರಿಂದ ಇದು ನಮ್ಮ ತಾಲ್ಲೂಕಿನ ಪ್ರಶ್ನೆ ಮಾತ್ರವಲ್ಲ, ಜಗತ್ತಿನ ಪ್ರಶ್ನೆ.

ಮುಂದೆ ಹೋಗುವ ಮೊದಲು ಒಂದು ಎಚ್ಚರಿಕೆಯ ಮಾತನ್ನು ಹೇಳಲೇಬೇಕು. ಈ ಭಾಷಣವನ್ನು ಕೇಳಿ ಮನೆಗೆ ಹೋಗಿ ಯಾರೂ ತಾವಾಗಿಯೇ ಔಷಧಿಯನ್ನು ನಿಲ್ಲಿಸಕೂಡದು. ಕೆಲವು ಔಷಧಿಗಳನ್ನು ಥಟ್ಟನೆ ನಿಲ್ಲಿಸಿದರೆ ಪ್ರಾಣಕ್ಕೇ ಅಪಾಯ. ಕಡಿಮೆ ಮಾಡುವುದಕ್ಕೂ ಒಂದು ಕ್ರಮವಿದೆ; ಆ ಕ್ರಮವನ್ನು ತಿಳಿಸುವುದೇ ನನ್ನ ಉದ್ದೇಶ.

ಔಷಧಿಗಳು ಕೂಡಿಕೊಳ್ಳುವ ಬಗೆ

ಯಾವ ರೋಗಿಗೂ ಒಂದೇ ದಿನ ಹನ್ನೊಂದು ಔಷಧಿಗಳನ್ನು ಯಾರೂ ಬರೆದುಕೊಡುವುದಿಲ್ಲ. ಅವು ವರ್ಷಗಳ ಕಾಲ ಒಂದೊಂದಾಗಿ ಬಂದು ಸೇರುತ್ತವೆ. ದಮ್ಮು ಹೆಚ್ಚಾದಾಗ ಪಟ್ಟಣದ ಆಸ್ಪತ್ರೆಯಲ್ಲಿ ಒಂದು ಚೀಟಿ, ರಕ್ತದೊತ್ತಡಕ್ಕೆ ಇನ್ನೊಬ್ಬ ವೈದ್ಯರಲ್ಲಿ ಮತ್ತೊಂದು ಚೀಟಿ, ಸಂತೆಗೆ ಹೋದಾಗ ಔಷಧಿ ಅಂಗಡಿಯಲ್ಲಿ ಕೇಳಿ ತಂದ ಮಾತ್ರೆ, ಬೀಗರ ಮನೆಯವರು ‘ನಮಗೆ ಇದರಿಂದ ಗುಣವಾಯಿತು’ ಎಂದು ಕೊಟ್ಟ ಸಿರಪ್ಪು. ಹೊಸದು ಬರುವಾಗ ಹಳೆಯದನ್ನು ತೆಗೆಯಬೇಕೇ ಎಂದು ಕೇಳುವವರಿಲ್ಲ. ಹೀಗೆ ಚೀಲ ದಪ್ಪವಾಗುತ್ತಾ ಹೋಗುತ್ತದೆ.

ಇದಕ್ಕಿಂತಲೂ ಸೂಕ್ಷ್ಮವಾದ ಇನ್ನೊಂದು ಕಾರಣವಿದೆ. ಒಂದು ಔಷಧಿಯ ಅಡ್ಡ ಪರಿಣಾಮವನ್ನು ಹೊಸ ಕಾಯಿಲೆಯೆಂದು ತಿಳಿದು ಅದಕ್ಕೆ ಎರಡನೆಯ ಔಷಧಿ ಕೊಡುವುದು; ಎರಡನೆಯದರ ತೊಂದರೆಗೆ ಮೂರನೆಯದು. ಇದು ಸರಪಳಿಯಂತೆ ಬೆಳೆಯುತ್ತದೆ. ಕೆಲವು ಉದಾಹರಣೆಗಳನ್ನು ಕೊಡುತ್ತೇನೆ.

ರಕ್ತದೊತ್ತಡಕ್ಕೆ ಕೊಡುವ ಎನಾಲಪ್ರಿಲ್ ಜಾತಿಯ ಮಾತ್ರೆಗಳು ಒಳ್ಳೆಯ ಔಷಧಿಗಳೇ. ಆದರೆ ಕೆಲವರಲ್ಲಿ ಅವು ಒಣ ಕೆಮ್ಮನ್ನು ಉಂಟುಮಾಡುತ್ತವೆ. ಕೆಮ್ಮನ್ನು ಕಂಡು ಸಿರಪ್ಪು ಕೊಡುತ್ತಾರೆ, ಆಮೇಲೆ ಅಲರ್ಜಿಯ ಮಾತ್ರೆ, ಆಮೇಲೆ ಉಬ್ಬಸದ ಮಾತ್ರೆ. ಮೊದಲಿನ ಮಾತ್ರೆಯನ್ನು ಬೇರೆ ಜಾತಿಯದಕ್ಕೆ ಬದಲಿಸಿದರೆ ಸಾಮಾನ್ಯವಾಗಿ ಕೆಲವೇ ವಾರಗಳಲ್ಲಿ ಆ ಕೆಮ್ಮು ನಿಲ್ಲುತ್ತದೆ.

ಸಾಲ್ಬುಟಮಾಲ್ ಮಾತ್ರೆ ನುಂಗಿದವರಿಗೆ ಕೈ ನಡುಕ, ಎದೆ ಬಡಿತ ಹೆಚ್ಚಾಗುವುದುಂಟು. ಎದೆ ಬಡಿತಕ್ಕೆಂದು ಪ್ರೊಪ್ರನೊಲಾಲ್ ಕೊಟ್ಟರೆ ಅದು ಶ್ವಾಸನಾಳಗಳನ್ನು ಬಿಗಿಗೊಳಿಸಿ ಉಬ್ಬಸವನ್ನು ಕೆರಳಿಸುತ್ತದೆ. ಆಗ ಉಬ್ಬಸಕ್ಕೆ ಇನ್ನಷ್ಟು ಮಾತ್ರೆ. ಕಣ್ಣಿನ ಒತ್ತಡ ಹೆಚ್ಚಾಗುವ ಗ್ಲಾಕೋಮಾ ರೋಗಕ್ಕೆ ಹಾಕುವ ಟಿಮೊಲಾಲ್ ಹನಿ ಇದೇ ಜಾತಿಗೆ ಸೇರಿದ್ದು. ಕಣ್ಣಿಗೆ ಬಿದ್ದ ಹನಿ ಎದೆಯನ್ನು ಬಿಗಿಯುವುದೆಂದು ಯಾರು ತಾನೆ ಊಹಿಸುತ್ತಾರೆ? ಆದುದರಿಂದ ಔಷಧಿಗಳ ಲೆಕ್ಕದಲ್ಲಿ ಕಣ್ಣಿನ ಹನಿಯನ್ನೂ ಬಿಡತಕ್ಕದ್ದಲ್ಲ. ಮೈಕೈ ನೋವಿಗೆ ತೆಗೆದುಕೊಳ್ಳುವ ಆಸ್ಪಿರಿನ್, ಐಬುಪ್ರೊಫೆನ್, ಡೈಕ್ಲೊಫೆನಾಕ್ ಮಾತ್ರೆಗಳೂ ಕೆಲವು ಅಸ್ತಮಾ ರೋಗಿಗಳಲ್ಲಿ ತೀವ್ರ ಉಬ್ಬಸವನ್ನು ಬರಿಸುತ್ತವೆ.

ಇನ್ನು ಸ್ಟಿರಾಯ್ಡ್ ಮಾತ್ರೆಗಳ ವಿಷಯ. ತೀವ್ರ ಉಬ್ಬಸದಲ್ಲಿ ಅವು ಪ್ರಾಣ ಉಳಿಸುತ್ತವೆ, ಸಂದೇಹವಿಲ್ಲ. ಆದರೆ ತಿಂಗಳುಗಟ್ಟಲೆ ನುಂಗಿದರೆ ಸಕ್ಕರೆ ಏರುತ್ತದೆ, ರಕ್ತದೊತ್ತಡ ಏರುತ್ತದೆ, ಮೂಳೆ ಸವೆಯುತ್ತದೆ, ಮುಖ ಊದಿಕೊಳ್ಳುತ್ತದೆ, ಕಣ್ಣಿನಲ್ಲಿ ಪೊರೆ ಬರಬಹುದು. ಸಕ್ಕರೆಗೊಂದು, ಒತ್ತಡಕ್ಕೊಂದು, ಹೊಟ್ಟೆಯುರಿಗೊಂದು ಎಂದು ಮಾತ್ರೆಗಳು ಬೆಳೆಯುತ್ತವೆ. ಊರೂರಿಗೆ ಬಂದು ಹೆಸರಿಲ್ಲದ ಪೊಟ್ಟಣಗಳಲ್ಲಿ ಮಾರುವ ‘ದಮ್ಮಿನ ಪುಡಿ’ಗಳಲ್ಲಿ ಕೆಲವೊಮ್ಮೆ ಸ್ಟಿರಾಯ್ಡನ್ನು ಗುಟ್ಟಾಗಿ ಬೆರೆಸಿರುತ್ತಾರೆ. ಎರಡೇ ದಿನದಲ್ಲಿ ಪವಾಡದಂತೆ ಗುಣ ಕಂಡರೆ ಸಂತೋಷಕ್ಕಿಂತ ಸಂಶಯವೇ ಯುಕ್ತ.

ಒಬ್ಬ ತಾಯಿಯ ಉದಾಹರಣೆ

ನಮ್ಮ ಕೇಂದ್ರಕ್ಕೆ ಬರುವ, ಅರವತ್ತು ದಾಟಿದ ಒಬ್ಬ ತಾಯಿಯ ವಿಷಯವನ್ನು ಹೇಳಿದರೆ ಇದು ಇನ್ನಷ್ಟು ಸ್ಪಷ್ಟವಾದೀತು. ನಲವತ್ತು ವರ್ಷ ಸೌದೆ ಒಲೆಯ ಮುಂದೆ ಅಡಿಗೆ ಮಾಡಿದ ಜೀವ. ಉಬ್ಬಸ, ಕೆಮ್ಮು, ನಿದ್ರೆ ಇಲ್ಲ, ಕೈ ನಡುಕ, ಸುಸ್ತು ಎಂದು ಬಂದರು. ಮನೆಯಲ್ಲಿರುವ ಔಷಧಿಗಳನ್ನೆಲ್ಲ ತನ್ನಿ ಎಂದು ಹೇಳಿದೆವು. ಅವರ ಮಗ ಬಟ್ಟೆ ಅಂಗಡಿಯ ಕೈಚೀಲವೊಂದನ್ನು ತಂದು ಮೇಜಿನ ಮೇಲೆ ಸುರಿದರು. ಎಣಿಸಿದಾಗ ಹನ್ನೊಂದು ಔಷಧಿಗಳಿದ್ದವು.

ಸಾಲ್ಬುಟಮಾಲ್ ಮಾತ್ರೆ ಒಂದು. ಥಿಯೋಫಿಲಿನ್ ಇರುವ ಮಾತ್ರೆಗಳು ಎರಡು. ಕಂಪನಿ ಬೇರೆ, ಹೆಸರು ಬೇರೆ, ಒಳಗಿನ ಔಷಧಿ ಒಂದೇ. ದಿನಕ್ಕೆ 10 ಮಿಲಿಗ್ರಾಮಿನಂತೆ ಪ್ರೆಡ್ನಿಸೊಲೋನ್ ಎಂಬ ಸ್ಟಿರಾಯ್ಡ್ ಮಾತ್ರೆ. ಒಮ್ಮೆ ಐದು ದಿನಕ್ಕೆಂದು ಬರೆದುಕೊಟ್ಟಿದ್ದನ್ನು ಅಂಗಡಿಯಲ್ಲಿ ಮತ್ತೆ ಮತ್ತೆ ಕೊಂಡು ಎರಡು ವರ್ಷದಿಂದ ನುಂಗುತ್ತಿದ್ದರು. ಮಾಂಟೆಲುಕಾಸ್ಟ್ ಮತ್ತು ಲಿವೊಸೆಟಿರಿಜಿನ್ ಸೇರಿಸಿದ ಮಾತ್ರೆ ಒಂದು. ಅದರ ಜೊತೆಗೆ ಪ್ರತ್ಯೇಕವಾಗಿ ಸೆಟಿರಿಜಿನ್. ಹೊಟ್ಟೆಯುರಿಗೆ ಪ್ಯಾಂಟೊಪ್ರಜೋಲ್. ರಕ್ತದೊತ್ತಡಕ್ಕೆ ಎನಾಲಪ್ರಿಲ್. ಸಕ್ಕರೆಗೆ ಮೆಟ್‌ಫಾರ್ಮಿನ್. ಒಂದು ಕೆಮ್ಮಿನ ಸಿರಪ್ಪು. ಕೊನೆಗೆ ನಿದ್ರೆಗೆಂದು ಅಲ್ಪ್ರಜೊಲಾಮ್.

ಚೀಲದ ತಳದಲ್ಲಿ ಹನ್ನೆರಡನೆಯದೂ ಒಂದಿತ್ತು. ಅದು ಸೀಲು ಒಡೆಯದ ಇನ್‌ಹೇಲರ್. ಏಕೆ ಬಳಸಲಿಲ್ಲ ಎಂದು ಕೇಳಿದಾಗ, ‘ಅದು ಕೊನೇ ಹಂತದವರಿಗೆ ಕೊಡೋದಂತೆ ಸ್ವಾಮಿ, ಒಂದು ಸಲ ಹಿಡಿದರೆ ಬಿಡೋಕಾಗಲ್ಲವಂತೆ’ ಎಂದರು. ಬೇಕಾದ ಒಂದು ಔಷಧಿಗೆ ಹೆದರಿ, ಬೇಡವಾದ ಹಲವನ್ನು ಆ ತಾಯಿ ನಂಬಿದ್ದರು. ಈ ಮಾತನ್ನು ನಾನು ದೂಷಣೆಗಾಗಿ ಹೇಳುತ್ತಿಲ್ಲ. ನಮ್ಮ ಹಳ್ಳಿಗಳಲ್ಲಿ ಮನೆ ಮನೆಗೂ ಇರುವ ನಂಬಿಕೆ ಇದು.

ಜಿಲ್ಲಾ ಆಸ್ಪತ್ರೆಯಲ್ಲಿ ಉಸಿರಿನ ಶಕ್ತಿಯನ್ನು ಅಳೆಯುವ ಸ್ಪೈರೋಮೆಟ್ರಿ ಪರೀಕ್ಷೆ ಮಾಡಿಸಿ ಅಸ್ತಮಾ ಎಂಬುದನ್ನು ಖಚಿತಪಡಿಸಿಕೊಂಡ ಮೇಲೆ ಮೊದಲು ಮಾಡಿದ ಕೆಲಸ ಔಷಧಿ ನಿಲ್ಲಿಸುವುದಲ್ಲ, ಇನ್‌ಹೇಲರ್ ಹಿಡಿಯುವುದನ್ನು ಕಲಿಸುವುದು. ಅದರ ಜೊತೆಗೇ, ಎರಡೆರಡು ಬಾರಿ ಸೇರಿಕೊಂಡಿದ್ದ ಥಿಯೋಫಿಲಿನ್ ಮತ್ತು ಅಲರ್ಜಿ ಮಾತ್ರೆಗಳಲ್ಲಿ ಒಂದೊಂದನ್ನು ತೆಗೆಯಲಾಯಿತು. ಇನ್‌ಹೇಲರ್ ನಾಟಿಕೊಂಡ ಮೇಲೆ ಸಾಲ್ಬುಟಮಾಲ್ ಮಾತ್ರೆ ಹಾಗೂ ಉಳಿದ ಥಿಯೋಫಿಲಿನ್ ನಿಂತವು. ಕೈ ನಡುಕ ಹೋಯಿತು. ಎನಾಲಪ್ರಿಲ್ ಬದಲಿಗೆ ಬೇರೆ ಜಾತಿಯ ಮಾತ್ರೆ ಕೊಟ್ಟ ಮೇಲೆ ಒಣ ಕೆಮ್ಮು ಇಳಿದು ಸಿರಪ್ಪಿನ ಅಗತ್ಯ ತಪ್ಪಿತು. ನಿದ್ರೆ ತಾನಾಗಿಯೇ ಬರತೊಡಗಿದಾಗ ಅಲ್ಪ್ರಜೊಲಾಮನ್ನು ಸ್ವಲ್ಪ ಸ್ವಲ್ಪವಾಗಿ ಇಳಿಸಲಾಯಿತು. ಸ್ಟಿರಾಯ್ಡ್ ಮಾತ್ರೆಯನ್ನು ಇಳಿಸಲು ತಿಂಗಳುಗಳೇ ಹಿಡಿದವು. ನಡುವೆ ಸುಗ್ಗಿಯ ಧೂಳಿನಲ್ಲಿ ಉಬ್ಬಸ ಮರುಕಳಿಸಿ, ಕೆಲವು ದಿನ ಮತ್ತೆ ಏರಿಸಬೇಕಾಗಿ ಬಂತು. ಆಮೇಲೆ ಪುನಃ ಇಳಿಸಲಾಯಿತು. ಅದು ನಿಂತ ಮೇಲೆ ಹೊಟ್ಟೆಯುರಿಯ ಮಾತ್ರೆ ಬೇಕಾಗಲಿಲ್ಲ, ಸಕ್ಕರೆಯ ಮಾತ್ರೆ ಅರ್ಧಕ್ಕಿಳಿಯಿತು. ಕೊನೆಗೆ ಮಾಂಟೆಲುಕಾಸ್ಟ್ ಸೇರಿದ ಮಾತ್ರೆಯೂ ನಿಂತಿತು. ಇಂದು ಅವರ ಬಳಿ ಇರುವುದು ಮೂರು: ಒಂದು ಇನ್‌ಹೇಲರ್, ಒತ್ತಡಕ್ಕೊಂದು ಮಾತ್ರೆ, ಸಕ್ಕರೆಗೊಂದು ಮಾತ್ರೆ. ಮೂರು ಔಷಧಿಗಳಲ್ಲಿ ಅವರು ಹನ್ನೊಂದರಲ್ಲಿ ಉಸಿರಾಡಿದ್ದಕ್ಕಿಂತ ಚೆನ್ನಾಗಿ ಉಸಿರಾಡುತ್ತಿದ್ದಾರೆ.

ಬಿಡಬಾರದ ಔಷಧಿ ಯಾವುದು?

ಇನ್‌ಹೇಲರ್ ಬಗ್ಗೆ ಜನರಲ್ಲಿರುವ ಭಯವನ್ನು ಒಂದು ಲೆಕ್ಕದಿಂದ ನಿವಾರಿಸಬಹುದು. ಸಾಲ್ಬುಟಮಾಲ್ ಮಾತ್ರೆಯೊಂದರಲ್ಲಿ 4 ಮಿಲಿಗ್ರಾಂ, ಅಂದರೆ 4,000 ಮೈಕ್ರೊಗ್ರಾಂ ಔಷಧಿ ಇರುತ್ತದೆ. ಅದೇ ಔಷಧಿ ಇನ್‌ಹೇಲರಿನ ಒಂದು ಒತ್ತಿಗೆ ಬರುವುದು 100 ಮೈಕ್ರೊಗ್ರಾಂ ಮಾತ್ರ. ಒಂದು ಮಾತ್ರೆಯ ತೂಕಕ್ಕೆ 40 ಒತ್ತುಗಳಾದವು. ಮಾತ್ರೆ ಹೊಟ್ಟೆಗೆ ಹೋಗಿ, ರಕ್ತಕ್ಕೆ ಸೇರಿ, ಮೈಯೆಲ್ಲಾ ಸುತ್ತಿ, ಶ್ವಾಸನಾಳಕ್ಕೆ ತಲುಪಬೇಕು. ಇನ್‌ಹೇಲರಿನ ಔಷಧಿ ನೇರವಾಗಿ ಬೇಕಾದ ಜಾಗಕ್ಕೇ ಹೋಗುತ್ತದೆ. ಗದ್ದೆಯ ಒಂದು ಮೂಲೆಗೆ ನೀರು ಬೇಕಾದರೆ ಕೆರೆಯ ತೂಬನ್ನೇ ಎತ್ತಿ ಊರೆಲ್ಲ ಹರಿಸುವುದಕ್ಕೂ, ಕೊಡದಲ್ಲಿ ಹೊತ್ತು ಆ ಮೂಲೆಗೇ ಹಾಕುವುದಕ್ಕೂ ಇರುವ ವ್ಯತ್ಯಾಸ ಇದು.

ಇನ್‌ಹೇಲರುಗಳಲ್ಲಿಯೂ ಎರಡು ಬಗೆ ಇವೆ. ಕೂಡಲೇ ಉಸಿರು ಬಿಡಿಸುವುದು ಒಂದು. ಪ್ರತಿದಿನ ಬಳಸಿ ಉಬ್ಬಸ ಬಾರದಂತೆ ತಡೆಯುವುದು ಇನ್ನೊಂದು. ಅಸ್ತಮಾದಲ್ಲಿ ಶ್ವಾಸನಾಳದ ಒಳಪದರ ಸದಾ ಉರಿಯೂತದಿಂದ ಕೂಡಿರುತ್ತದೆ. ಆದಕಾರಣ, ಉಸಿರು ಬಿಡಿಸುವ ಸಾಲ್ಬುಟಮಾಲ್ ಒಂದನ್ನೇ ನಂಬಿಕೊಂಡಿರುವುದು ಸರಿಯಲ್ಲವೆಂದು ಅಂತರರಾಷ್ಟ್ರೀಯ ಅಸ್ತಮಾ ಮಾರ್ಗಸೂಚಿಯು 2019ರಲ್ಲಿ ಸ್ಪಷ್ಟವಾಗಿ ಹೇಳಿತು. ಉರಿಯೂತವನ್ನು ತಗ್ಗಿಸುವ, ಸೇದುವ ಸ್ಟಿರಾಯ್ಡನ್ನು ಅಸ್ತಮಾ ರೋಗಿಯು ಬಿಡಕೂಡದು. ಪ್ರಮಾಣವನ್ನು ಇಳಿಸಬಹುದು, ಆದರೆ ಪೂರ್ತಿಯಾಗಿ ತೆಗೆದುಬಿಡುವುದು ಅಪಾಯಕರ.

ಸಿ.ಓ.ಪಿ.ಡಿ. ಎಂಬ ಕಾಯಿಲೆ ಬೇರೆ. ಬೀಡಿಯ ಹೊಗೆ, ಒಲೆಯ ಹೊಗೆಗಳಿಂದ ಶ್ವಾಸನಾಳಗಳು ಶಾಶ್ವತವಾಗಿ ಕಿರಿದಾಗುವ ರೋಗ ಇದು. ಇದರಲ್ಲಿ ಮುಖ್ಯವಾದುದು ಶ್ವಾಸನಾಳವನ್ನು ಹಿಗ್ಗಿಸುವ, ದೀರ್ಘಕಾಲ ಕೆಲಸ ಮಾಡುವ ಇನ್‌ಹೇಲರ್. ಸೇದುವ ಸ್ಟಿರಾಯ್ಡ್ ಈ ರೋಗದಲ್ಲಿ ಎಲ್ಲರಿಗೂ ಬೇಕಾಗುವುದಿಲ್ಲ. ಕೆಲವರಲ್ಲಿ ಅದು ನ್ಯುಮೋನಿಯಾ ಬರುವ ಸಂಭವವನ್ನು ಹೆಚ್ಚಿಸುತ್ತದೆ. 2014ರಲ್ಲಿ ಪ್ರಕಟವಾದ ಒಂದು ದೊಡ್ಡ ಅಧ್ಯಯನದಲ್ಲಿ, ಎರಡು ಬಗೆಯ ಶ್ವಾಸನಾಳ ಹಿಗ್ಗಿಸುವ ಔಷಧಿಗಳನ್ನು ಮುಂದುವರಿಸುತ್ತಾ, ಸೇದುವ ಸ್ಟಿರಾಯ್ಡನ್ನು 12 ವಾರಗಳಲ್ಲಿ ಹಂತ ಹಂತವಾಗಿ ನಿಲ್ಲಿಸಿದಾಗ ರೋಗ ಉಲ್ಬಣಿಸುವುದು ಗಮನಾರ್ಹವಾಗಿ ಹೆಚ್ಚಲಿಲ್ಲ. ಉಸಿರಿನ ಅಳತೆಯಲ್ಲಿ ಮಾತ್ರ ಸ್ವಲ್ಪ ಇಳಿತ ಕಂಡಿತು. ಆದರೆ ರಕ್ತದಲ್ಲಿ ಇಯೋಸಿನೊಫಿಲ್ ಎಂಬ ಕಣಗಳು ಒಂದು ಮೈಕ್ರೊಲೀಟರಿಗೆ 300 ಅಥವಾ ಅದಕ್ಕಿಂತ ಹೆಚ್ಚಾಗಿದ್ದರೆ, ಅಥವಾ ರೋಗಿಗೆ ಅಸ್ತಮಾ ಸಹ ಇದ್ದರೆ, ನಿಲ್ಲಿಸುವುದು ಉಚಿತವಲ್ಲ. ಆದುದರಿಂದಲೇ ‘ನನಗಿರುವುದು ಯಾವ ರೋಗ?’ ಎಂಬುದು ಔಷಧಿ ಕಡಿಮೆ ಮಾಡುವ ಮೊದಲು ತಿಳಿಯಬೇಕಾದ ಮೊದಲ ವಿಷಯ.

ಪರಿಶೀಲನೆ ಮಾಡುವ ಕ್ರಮ

ಔಷಧಿಗಳ ಪರಿಶೀಲನೆಗೆ ದೊಡ್ಡ ಯಂತ್ರೋಪಕರಣ ಬೇಡ. ಒಂದು ಚೀಲ, ಒಂದು ಕಾಗದ, ಸ್ವಲ್ಪ ತಾಳ್ಮೆ ಸಾಕು. ಮನೆಯಲ್ಲಿರುವ ಎಲ್ಲಾ ಮಾತ್ರೆ, ಸಿರಪ್ಪು, ಪುಡಿ, ಮುಲಾಮು, ಕಣ್ಣಿನ ಹನಿ, ಇನ್‌ಹೇಲರ್ ಮತ್ತು ಹಳೆಯ ಚೀಟಿಗಳನ್ನು ಚೀಲಕ್ಕೆ ಹಾಕಿಕೊಂಡು ಆರೋಗ್ಯ ಕೇಂದ್ರಕ್ಕೆ ಬರಬೇಕು. ನಾಟಿ ಮದ್ದನ್ನು ತೆಗೆದುಕೊಳ್ಳುತ್ತಿದ್ದರೆ ಸಂಕೋಚವಿಲ್ಲದೆ ಅದನ್ನೂ ತೋರಿಸಬೇಕು. ಆಮೇಲೆ ಒಂದೊಂದು ಔಷಧಿಯ ಬಗ್ಗೆಯೂ ಆರು ಪ್ರಶ್ನೆಗಳನ್ನು ಕೇಳಬೇಕು.

1. ಇದನ್ನು ಯಾವ ಕಾಯಿಲೆಗೆ ಕೊಟ್ಟಿದ್ದರು? ಆ ಕಾಯಿಲೆ ಈಗಲೂ ಇದೆಯೇ?

2. ಎಷ್ಟು ದಿನಕ್ಕೆಂದು ಕೊಟ್ಟಿದ್ದರು? ಅವಧಿ ಮುಗಿದಿದೆಯೇ?

3. ಇದೇ ಔಷಧಿ ಬೇರೆ ಹೆಸರಿನಲ್ಲಿ ಚೀಲದಲ್ಲಿ ಇನ್ನೊಂದಿದೆಯೇ?

4. ಇದರಿಂದ ಗುಣ ಕಂಡಿದೆಯೇ? ಯಾವುದಾದರೂ ತೊಂದರೆ ಕಂಡಿದೆಯೇ?

5. ಇನ್ನೊಂದು ಔಷಧಿಯ ತೊಂದರೆಯನ್ನು ಮುಚ್ಚುವುದಕ್ಕಾಗಿ ಇದು ಬಂದಿದೆಯೇ?

6. ರೋಗಿಯು ಇದನ್ನು ನಿಜವಾಗಿ, ಸರಿಯಾದ ರೀತಿಯಲ್ಲಿ ತೆಗೆದುಕೊಳ್ಳುತ್ತಿದ್ದಾರೆಯೇ?

ಆರನೆಯ ಪ್ರಶ್ನೆ ಇನ್‌ಹೇಲರ್ ವಿಷಯದಲ್ಲಿ ಬಹಳ ಮುಖ್ಯ. ತಪ್ಪಾಗಿ ಬಳಸಿದ ಇನ್‌ಹೇಲರ್ ಕೆಲಸ ಮಾಡುವುದಿಲ್ಲ. ಅದು ಕೆಲಸ ಮಾಡದಿದ್ದಾಗ ಮಾತ್ರೆಗಳು ಬೆಳೆಯುತ್ತವೆ. ಆದಕಾರಣ ಹೊಸ ಔಷಧಿ ಸೇರಿಸುವ ಮೊದಲು ರೋಗಿಯ ಕೈಯಲ್ಲೇ ಬಳಸಿಸಿ ನೋಡಬೇಕು. ಒತ್ತಿ ಬಳಸುವ ಇನ್‌ಹೇಲರನ್ನು ಚೆನ್ನಾಗಿ ಅಲುಗಿಸಿ, ಉಸಿರನ್ನು ಪೂರ್ತಿ ಹೊರಗೆ ಬಿಟ್ಟು, ತುಟಿಗಳನ್ನು ಬಿಗಿಯಾಗಿ ಮುಚ್ಚಿ, ಒತ್ತುತ್ತಲೇ ನಿಧಾನವಾಗಿ ಒಳಗೆ ಎಳೆದುಕೊಂಡು, ಸುಮಾರು ಹತ್ತು ಎಣಿಸುವವರೆಗೆ ಉಸಿರು ಹಿಡಿಯಬೇಕು. ವೃದ್ಧರಿಗೂ ಮಕ್ಕಳಿಗೂ ಸ್ಪೇಸರ್ ಎಂಬ ಕೊಳವೆಯನ್ನು ಜೋಡಿಸಿದರೆ ಸುಲಭ. ಸ್ಟಿರಾಯ್ಡ್ ಇರುವ ಇನ್‌ಹೇಲರ್ ಬಳಸಿದ ಮೇಲೆ ಬಾಯಿ ಮುಕ್ಕಳಿಸಿ ಉಗುಳುವುದನ್ನು ಮರೆಯಬಾರದು.

ಇಳಿಸುವಾಗ ಪಾಲಿಸಬೇಕಾದ ನಿಯಮಗಳು

ಮೊದಲನೆಯದಾಗಿ, ರೋಗ ಹತೋಟಿಯಲ್ಲಿರುವಾಗ ಮಾತ್ರ ಇಳಿಸಬೇಕು. ಅಸ್ತಮಾದಲ್ಲಿ ಸುಮಾರು ಮೂರು ತಿಂಗಳು ಸ್ಥಿತಿ ಚೆನ್ನಾಗಿದ್ದ ಮೇಲೆಯೇ ತಡೆಯುವ ಔಷಧಿಯ ಪ್ರಮಾಣವನ್ನು ತಗ್ಗಿಸುವುದು ಪದ್ಧತಿ. ನೆಗಡಿ, ಜ್ವರ ಇರುವಾಗ, ದೂರದ ಪ್ರಯಾಣದ ಮುನ್ನ, ಧೂಳು ಅಥವಾ ಮಂಜು ಕವಿಯುವ ಕಾಲದಲ್ಲಿ ಇದಕ್ಕೆ ಕೈಹಾಕಬಾರದು.

ಎರಡನೆಯದಾಗಿ, ಎರಡು ಬಾರಿ ಸೇರಿಕೊಂಡದ್ದನ್ನು ತೆಗೆದ ಮೇಲೆ, ಉಳಿದವುಗಳನ್ನು ಒಂದಾದ ಮೇಲೊಂದರಂತೆ, ನಡುವೆ ಕೆಲವು ವಾರಗಳ ಅಂತರವಿಟ್ಟು ಬದಲಿಸುವುದು ಕ್ಷೇಮ. ನಾಲ್ಕನ್ನು ಒಟ್ಟಿಗೆ ನಿಲ್ಲಿಸಿದಾಗ ತೊಂದರೆ ಬಂದರೆ ಯಾವುದರಿಂದ ಬಂತೆಂದು ಯಾರಿಗೂ ತಿಳಿಯದು.

ಮೂರನೆಯದಾಗಿ, ಮೂರು ವಾರಗಳಿಗಿಂತ ಹೆಚ್ಚು ಕಾಲ ಸ್ಟಿರಾಯ್ಡ್ ಮಾತ್ರೆ ನುಂಗಿದವರು ಅದನ್ನು ಎಂದಿಗೂ ಥಟ್ಟನೆ ಬಿಡಕೂಡದು. ನಮ್ಮ ದೇಹದಲ್ಲಿ ಮೂತ್ರಪಿಂಡಗಳ ಮೇಲಿರುವ ಅಡ್ರಿನಲ್ ಗ್ರಂಥಿಗಳು ಈ ರಸವನ್ನು ಸ್ವಾಭಾವಿಕವಾಗಿ ಉತ್ಪಾದಿಸುತ್ತವೆ. ಹೊರಗಿನಿಂದ ಮಾತ್ರೆ ಬರುತ್ತಿದ್ದರೆ ಆ ಗ್ರಂಥಿಗಳು ಕೆಲಸ ಮರೆತು ಮಲಗಿಬಿಡುತ್ತವೆ. ಒಮ್ಮೆಲೇ ಮಾತ್ರೆ ನಿಂತರೆ ರಕ್ತದೊತ್ತಡ ಕುಸಿದು, ವಾಂತಿ, ನಿತ್ರಾಣ, ಪ್ರಜ್ಞಾಶೂನ್ಯತೆ ಉಂಟಾಗಿ ಸಾವೂ ಸಂಭವಿಸಬಹುದು. ಅವುಗಳನ್ನು ಎಚ್ಚರಿಸಲು ಕಾಲಾವಕಾಶ ಬೇಕು. ಹೊಸದಾಗಿ ಉಲ್ಬಣಿಸಿದ ಉಬ್ಬಸಕ್ಕೆಂದು ಐದು ಅಥವಾ ಏಳು ದಿನ ಮಾತ್ರ ಕೊಟ್ಟದ್ದನ್ನು ಅವಧಿ ಮುಗಿದೊಡನೆ ನಿಲ್ಲಿಸಬಹುದು, ನಿಲ್ಲಿಸಲೇಬೇಕು. ಸಿ.ಓ.ಪಿ.ಡಿ. ಉಲ್ಬಣಿಸಿದಾಗ ಐದು ದಿನದ ಚಿಕಿತ್ಸೆಯು ಹದಿನಾಲ್ಕು ದಿನದ್ದಕ್ಕೆ ಕಡಿಮೆಯಲ್ಲವೆಂದು 2013ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿಕೊಟ್ಟಿದೆ. ನಿದ್ರೆಯ ಮಾತ್ರೆ, ಹೃದಯದ ಮಾತ್ರೆ, ಅಪಸ್ಮಾರದ ಮಾತ್ರೆಗಳನ್ನೂ ದಿಢೀರನೆ ನಿಲ್ಲಿಸತಕ್ಕದ್ದಲ್ಲ.

ನಾಲ್ಕನೆಯದಾಗಿ, ಥಿಯೋಫಿಲಿನ್ ಬಗ್ಗೆ ವಿಶೇಷ ಗಮನ ಅಗತ್ಯ. ಗುಣ ಕೊಡುವ ಪ್ರಮಾಣಕ್ಕೂ ವಿಷವಾಗುವ ಪ್ರಮಾಣಕ್ಕೂ ಅದರಲ್ಲಿ ಅಂತರ ಕಡಿಮೆ. ಸಿಪ್ರೊಫ್ಲಾಕ್ಸಸಿನ್, ಎರಿಥ್ರೊಮೈಸಿನ್‌ನಂತಹ ಔಷಧಿಗಳನ್ನು ಜೊತೆಗೆ ಕೊಟ್ಟರೆ ರಕ್ತದಲ್ಲಿ ಅದರ ಮಟ್ಟ ಏರಿ ವಾಂತಿ, ಎದೆ ಬಡಿತ, ಫಿಟ್ಸ್ ಸಹ ಬರಬಹುದು. ಬೀಡಿ ಸೇದುವವರ ದೇಹ ಈ ಔಷಧಿಯನ್ನು ಬೇಗ ಕರಗಿಸುತ್ತದೆ. ಬೀಡಿ ಬಿಟ್ಟ ಮೇಲೆ ಹಳೆಯ ಪ್ರಮಾಣವೇ ಹೆಚ್ಚಾಗಬಹುದು. ಬೀಡಿ ಬಿಟ್ಟವರು ಆ ಸಂತೋಷದ ಸುದ್ದಿಯನ್ನು ವೈದ್ಯರಿಗೂ ತಿಳಿಸಬೇಕು. ಮಾಂಟೆಲುಕಾಸ್ಟ್ ಮಾತ್ರೆಯಿಂದ ಕೆಲವರಲ್ಲಿ ಕೆಟ್ಟ ಕನಸು, ಸಿಡುಕು, ಖಿನ್ನತೆ ಕಾಣಿಸಿಕೊಳ್ಳಬಹುದೆಂದು ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ 2020ರಲ್ಲಿ ಅತ್ಯಂತ ಗಂಭೀರವಾದ ಎಚ್ಚರಿಕೆ ನೀಡಿದೆ. ಬರೀ ಮೂಗು ಸೋರುವುದಕ್ಕೆ ಅದನ್ನು ವರ್ಷಗಟ್ಟಲೆ ನುಂಗುವುದು ತರವಲ್ಲ.

ಐದನೆಯದಾಗಿ, ಇಳಿಸುವಾಗ ಅಪಾಯದ ಚಿಹ್ನೆಗಳನ್ನು ಮನೆಯವರು ತಿಳಿದಿರಬೇಕು. ಒಂದು ವಾಕ್ಯವನ್ನು ಪೂರ್ತಿ ಹೇಳಲಾಗದಷ್ಟು ಏದುಸಿರು, ನೀಲಿಗಟ್ಟಿದ ತುಟಿ, ಉಸಿರು ಬಿಡಿಸುವ ಇನ್‌ಹೇಲರಿನಿಂದಲೂ ಸಿಗದ ಉಪಶಮನ, ಮಂಕು ಕವಿದ ಮನಸ್ಸು. ಇವುಗಳಲ್ಲಿ ಯಾವುದು ಕಂಡರೂ ಬೆಳಗಾಗಲಿ ಎಂದು ಕಾಯದೆ 108ಕ್ಕೆ ಕರೆ ಮಾಡಿ ಆಸ್ಪತ್ರೆಗೆ ಸಾಗಿಸಬೇಕು.

ತಾಯಂದಿರು, ಮಕ್ಕಳು ಮತ್ತು ಕ್ಷಯರೋಗ

ಕುಟುಂಬ ಕಲ್ಯಾಣದ ದೃಷ್ಟಿಯಿಂದ ಮೂರು ವಿಷಯಗಳನ್ನು ಒತ್ತಿ ಹೇಳಬೇಕಾಗಿದೆ.

ಅಸ್ತಮಾ ಇರುವ ಸೋದರಿಯರು ಗರ್ಭಿಣಿಯಾದೊಡನೆ, ಮಗುವಿಗೆ ತೊಂದರೆಯಾದೀತೆಂದು ಹೆದರಿ ಇನ್‌ಹೇಲರನ್ನು ಬಿಟ್ಟುಬಿಡುವುದುಂಟು. ಮನೆಯ ಹಿರಿಯರೂ ಹಾಗೆಯೇ ಹೇಳುತ್ತಾರೆ. ಇದು ಸರಿಯಲ್ಲ. ತಾಯಿಗೆ ಉಸಿರು ಕಟ್ಟಿದರೆ ಮಗುವಿಗೂ ಪ್ರಾಣವಾಯು ಕಡಿಮೆಯಾಗುತ್ತದೆ. ಹತೋಟಿಯಲ್ಲಿಲ್ಲದ ಅಸ್ತಮಾದಿಂದ ಅವಧಿಗೆ ಮುನ್ನ ಹೆರಿಗೆ, ಕಡಿಮೆ ತೂಕದ ಮಗು, ಗರ್ಭಿಣಿಯಲ್ಲಿ ರಕ್ತದೊತ್ತಡದ ತೊಂದರೆ ಹೆಚ್ಚಾಗುತ್ತವೆ. ಗರ್ಭಾವಸ್ಥೆಯಲ್ಲಿ ಮಾತ್ರೆಗಳನ್ನು ವೈದ್ಯರು ಪರಿಶೀಲಿಸಲಿ; ಇನ್‌ಹೇಲರ್ ಮುಂದುವರಿಯಲಿ.

ಮಕ್ಕಳ ನೆಗಡಿ ಕೆಮ್ಮಿಗೆ ಬಗೆಬಗೆಯ ಸಿರಪ್ಪುಗಳನ್ನು ಕುಡಿಸುವ ಅಭ್ಯಾಸ ಹೋಗಬೇಕು. ಕ್ಲೋರ್‌ಫೆನಿರಮಿನ್ ಮತ್ತು ಫಿನೈಲ್‌ಎಫ್ರಿನ್ ಬೆರೆಸಿದ ನೆಗಡಿ ಔಷಧಿಯನ್ನು 4 ವರ್ಷದೊಳಗಿನ ಮಕ್ಕಳಿಗೆ ಕೊಡಬಾರದೆಂದು ಕೇಂದ್ರ ಔಷಧಿ ನಿಯಂತ್ರಣ ಸಂಸ್ಥೆಯು 2023ರ ಡಿಸೆಂಬರಿನಲ್ಲಿ ತಿಳಿಸಿದೆ. 2025ರಲ್ಲಿ ಮಧ್ಯಪ್ರದೇಶದ ಛಿಂದ್ವಾಡಾದಲ್ಲಿ ವಿಷಪದಾರ್ಥ ಬೆರೆತ ಕೆಮ್ಮಿನ ಸಿರಪ್ಪಿನಿಂದ ಎಳೆಯ ಮಕ್ಕಳು ಮೂತ್ರಪಿಂಡ ಕೆಟ್ಟು ಸಾವನ್ನಪ್ಪಿದ ದುರಂತವನ್ನು ತಾವೆಲ್ಲರೂ ಬಲ್ಲಿರಿ. ಮಕ್ಕಳ ಸಾಧಾರಣ ಕೆಮ್ಮು ಬಹುಪಾಲು ತಾನಾಗಿಯೇ ಗುಣವಾಗುತ್ತದೆ. ಎದೆಹಾಲು, ಬೆಚ್ಚಗಿನ ದ್ರವಾಹಾರ, ವಿಶ್ರಾಂತಿ ಸಾಕು. ಉಸಿರಾಟ ವೇಗವಾದರೆ, ಪಕ್ಕೆ ಸೆಳೆದರೆ, ಹಾಲು ಕುಡಿಯದಿದ್ದರೆ ತಡಮಾಡದೆ ಆಸ್ಪತ್ರೆಗೆ ತರಬೇಕು.

ಮೂರನೆಯದು ಕ್ಷಯರೋಗ. ಔಷಧಿ ಕಡಿಮೆ ಮಾಡಿ ಎಂದು ಇಷ್ಟು ಹೊತ್ತು ಹೇಳಿದ ನಾನು ಇಲ್ಲಿ ಅದಕ್ಕೆ ವಿರುದ್ಧವಾದ ಮಾತನ್ನು ಹೇಳುತ್ತೇನೆ. ಸಾಮಾನ್ಯ ಕ್ಷಯಕ್ಕೆ ಮೊದಲ 2 ತಿಂಗಳು ನಾಲ್ಕು ಔಷಧಿ, ನಂತರದ 4 ತಿಂಗಳು ಮೂರು ಔಷಧಿ. ಇವುಗಳಲ್ಲಿ ಒಂದನ್ನೂ, ಒಂದು ದಿನವೂ ಬಿಡುವಂತಿಲ್ಲ. ಎರಡು ವಾರ ಮೀರಿದ ಕೆಮ್ಮಿಗೆ ಸಿರಪ್ಪು ಬದಲಿಸುತ್ತಾ ಕೂರದೆ ಕಫದ ಪರೀಕ್ಷೆ ಮಾಡಿಸಬೇಕು. ಸರ್ಕಾರಿ ಕೇಂದ್ರಗಳಲ್ಲಿ ಅದು ಉಚಿತ. ಕ್ಷಯದ ಚಿಕಿತ್ಸೆಯಲ್ಲಿರುವ ರಿಫಾಂಪಿಸಿನ್ ಎಂಬ ಔಷಧಿಯು ಮಾಲಾ-ಎನ್‌ನಂತಹ ಗರ್ಭನಿರೋಧಕ ಮಾತ್ರೆಗಳ ಶಕ್ತಿಯನ್ನು ಕುಗ್ಗಿಸುತ್ತದೆ. ಆದುದರಿಂದ ಚಿಕಿತ್ಸೆಯ ಅವಧಿಯಲ್ಲಿ ಮಾತ್ರೆಯನ್ನೇ ನಂಬದೆ, ಕಾಪರ್-ಟಿ ಮೊದಲಾದ ಬೇರೆ ವಿಧಾನದ ಬಗ್ಗೆ ದಂಪತಿಗಳು ಸಲಹೆ ಪಡೆಯಬೇಕು. ಆಶಾ ಸೋದರಿಯರು ಇದನ್ನು ವಿಶೇಷವಾಗಿ ಗಮನಿಸಬೇಕೆಂದು ಕೋರುತ್ತೇನೆ.

ಕುಟುಂಬದ ಪಾತ್ರ

ಔಷಧಿಗಳ ಪಟ್ಟಿಯನ್ನು ಬರೆದು ಮನೆಯಲ್ಲಿ ಎಲ್ಲರಿಗೂ ಕಾಣುವಂತೆ ಇಡುವುದು, ಯಾವ ವೈದ್ಯರಲ್ಲಿಗೆ ಹೋದರೂ ಅದನ್ನು ತೋರಿಸುವುದು, ಆಸ್ಪತ್ರೆಯಿಂದ ಬಿಡುಗಡೆಯಾದಾಗ ಹಳೆಯ ಮಾತ್ರೆಗಳಲ್ಲಿ ಯಾವುದನ್ನು ನಿಲ್ಲಿಸಬೇಕೆಂದು ಕೇಳಿ ತಿಳಿಯುವುದು, ಚೀಟಿಯಿಲ್ಲದೆ ಅಂಗಡಿಯಲ್ಲಿ ಸ್ಟಿರಾಯ್ಡ್ ಮಾತ್ರೆಯನ್ನಾಗಲಿ ಆ್ಯಂಟಿಬಯಾಟಿಕ್ ಅನ್ನಾಗಲಿ ಕೊಳ್ಳದಿರುವುದು, ಇವು ಮನೆಯವರ ಕರ್ತವ್ಯ. ಆಶಾ ಕಾರ್ಯಕರ್ತೆಯರು ಮನೆ ಭೇಟಿಯ ಕಾಲದಲ್ಲಿ ‘ಔಷಧಿ ಇದೆಯೇ?’ ಎಂದು ಕೇಳುವುದರ ಜೊತೆಗೆ ‘ಎಷ್ಟಿವೆ? ತೋರಿಸಿ ಅಮ್ಮಾ’ ಎಂದೂ ಕೇಳಬೇಕು. ಐದಕ್ಕಿಂತ ಹೆಚ್ಚು ಔಷಧಿ ನುಂಗುವ ಪ್ರತಿಯೊಬ್ಬ ದಮ್ಮಿನ ರೋಗಿಯನ್ನೂ ಚೀಲದ ಸಮೇತ ನಮ್ಮ ಕೇಂದ್ರಕ್ಕೆ ಕಳುಹಿಸಿಕೊಡಬೇಕು.

ಎಲ್ಲಕ್ಕಿಂತ ಮಿಗಿಲಾಗಿ, ಹೊಗೆ ಕಡಿಮೆಯಾದಷ್ಟೂ ಔಷಧಿ ಕಡಿಮೆಯಾಗುತ್ತದೆ. ಮನೆಯಲ್ಲಿ ಗ್ಯಾಸ್ ಒಲೆ ಇದ್ದೂ ಸಿಲಿಂಡರ್ ಉಳಿಸಲೆಂದು ಉಬ್ಬಸದ ತಾಯಿ ಸೌದೆ ಒಲೆಯನ್ನು ಊದುತ್ತಿದ್ದರೆ, ಉಳಿದ ಹಣಕ್ಕಿಂತ ಹೆಚ್ಚಿನದು ಮಾತ್ರೆಗೆ ಹೋಗುತ್ತದೆ. ಬೀಡಿ ಸೇದುವ ಗಂಡಸರು ಬಿಡಲಾಗದಿದ್ದರೆ ಅಂಗಳಕ್ಕೆ ಹೋಗುತ್ತೇನೆ ಎನ್ನುತ್ತಾರೆ. ಬಿಡುವುದೇ ಮೇಲು, ಅದಕ್ಕೆ ಬೇಕಾದ ಸಹಾಯ ನಮ್ಮಲ್ಲಿ ದೊರೆಯುತ್ತದೆ.

ಮಹನೀಯರೇ, ಮಹಿಳೆಯರೇ, ಔಷಧಿಯ ಚೀಲ ದಪ್ಪವಾಗಿದ್ದರೆ ಚಿಕಿತ್ಸೆ ಚೆನ್ನಾಗಿದೆ ಎಂದು ಅರ್ಥವಲ್ಲ. ಬೇಕಾದ ಔಷಧಿ, ಬೇಕಾದಷ್ಟು ಪ್ರಮಾಣದಲ್ಲಿ, ಬೇಕಾದಷ್ಟು ಕಾಲ; ಇದೇ ಸೂತ್ರ. ವರ್ಷಕ್ಕೊಮ್ಮೆ ಊರದೇವರ ಜಾತ್ರೆಗೆ ಮುನ್ನ ಮನೆ ಸಾರಿಸಿ ಅಟ್ಟ ಗುಡಿಸುವಂತೆ, ಔಷಧಿಯ ಪೆಟ್ಟಿಗೆಯನ್ನೂ ವೈದ್ಯರ ಮುಂದೆ ಬಿಚ್ಚಿ ಶುಚಿ ಮಾಡಿಕೊಳ್ಳಿರಿ. ನಮ್ಮ ಕೇಂದ್ರದ ಬಾಗಿಲು ಇದಕ್ಕಾಗಿ ತಮಗೆಲ್ಲರಿಗೂ ತೆರೆದಿದೆ.